ಸಂಘದ ಹುಳಿ ಪಾತ್ರೆಯೂ ಅಲ್ವಿನ್‌ನ ಗಂಜಿಯೂ

"ನಲವತ್ತು ಲೀಟರ್ ಗಂಜಿನಾ?!"

ಮೈಥಿಲಿ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತು ಎದುರಿಗಿದ್ದವನನ್ನು ಮೇಲಿಂದ ಕೆಳಗೆ ನೋಡಿದಳು. ಆರಡಿ ಎತ್ತರ, ಗುಂಗುರು ಕೂದಲು, ಮಾಸಿದ ಟೀ ಶರ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಪರ್ತ್‌ನ ಮೋರ್ಲಿಯಲ್ಲಿ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬಂದು ಕನ್ನಡ ಸಂಘದ ಹುಳಿ ಪಾತ್ರೆ ಬೇಕು ಅಂದ ಗಂಡಸನ್ನು ಅವಳು ನೋಡಿದ್ದು ಇದೇ ಮೊದಲು.

"ಹೌದು ಮಾರಾಯ್ರೆ. ಬಾರ್ಲಿ ಗಂಜಿ."

"ಅಷ್ಟೊಂದು ಜನಕ್ಕೆ ಹುಷಾರಿಲ್ವಾ?"

ಅವನು ತಲೆ ಕೆರೆದುಕೊಂಡ. "ಹುಷಾರಿಲ್ಲ ಅಂತ ಅಲ್ಲ... ಕುಡಿಯುವವರು ತುಂಬಾ ಜನ ಇದ್ದಾರೆ."

ಈ ಪಾತ್ರೆ ಅಂದರೆ ಸುಮ್ಮನೆ ಅಲ್ಲ ಸ್ವಾಮಿ. ಸಂಘದ ಅಧ್ಯಕ್ಷರಾದ ಮಹಾಬಲೇಶ್ವರ ಅಂಕಲ್ ಹದಿನಾಲ್ಕು ವರ್ಷದ ಹಿಂದೆ ಮೈಸೂರಿನಿಂದ ಹಡಗಿನಲ್ಲಿ ತರಿಸಿದ ಸ್ಟೀಲ್ ಪಾತ್ರೆ ಅದು. ಪರ್ತ್‌ನ ಅಷ್ಟೂ ಯುಗಾದಿ, ಅಷ್ಟೂ ರಾಜ್ಯೋತ್ಸವದ ಹುಳಿ ಅದರಲ್ಲೇ ಕುದಿದಿದೆ. ಅದನ್ನು ಕಾಯುವ ಕೆಲಸ ಮೈಥಿಲಿಯದು. ಶಾಪಿಂಗ್ ಸೆಂಟರ್‌ನಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವ ಅವಳು, ವಾರದ ಕೊನೆಗೆ ಈ ಪಾತ್ರೆಯ ಮೇಲೆ ಕಣ್ಣಿಟ್ಟಿರುತ್ತಿದ್ದಳು.

"ರೂಲ್ ಗೊತ್ತಲ್ವಾ? ಮಾಂಸ, ಮೀನು, ಮೊಟ್ಟೆ ಯಾವುದೂ ಇದಕ್ಕೆ ತಾಗೋ ಹಾಗಿಲ್ಲ."

"ದೇವರಾಣೆಗೂ ಇಲ್ಲ. ಬಾರ್ಲಿ ಮತ್ತು ನೀರು, ಅಷ್ಟೇ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೇಳದೆ ನುಂಗಿಕೊಂಡದ್ದರಲ್ಲಿ ಮಾತ್ರ... ಇರಲಿ, ಅವಸರ ಬೇಡ.

ಅವನು ಪುಸ್ತಕದಲ್ಲಿ ಸಹಿ ಹಾಕಿದ: ಅಲ್ವಿನ್ ಪಿಂಟೋ. ಹುಟ್ಟಿದ್ದು ಮಂಗಳೂರು, ಬೆಳೆದದ್ದು ಮಸ್ಕತ್, ಈಗ ಪರ್ತ್‌ನಲ್ಲಿ ಲಿಫ್ಟ್ ರಿಪೇರಿ. ಪಾತ್ರೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ.

ಮರುದಿನ ವಾಪಸ್ ತಂದಾಗ ಮೈಥಿಲಿ ಮುಚ್ಚಳ ತೆಗೆದು ಬಗ್ಗಿ ನೋಡಿದಳು.

ತಳದಲ್ಲಿ ಅವಳ ಮುಖ ಕಾಣಿಸುತ್ತಿತ್ತು!

ಹದಿನಾಲ್ಕು ವರ್ಷದ ಸೀದ ಕಲೆ, ಹಿಡಿಯ ಸಂದಿಯಲ್ಲಿ ಕೂತಿದ್ದ ಅರಿಶಿನ, ಒಂದೂ ಇಲ್ಲ. ಮೂಸಿ ನೋಡಿದಳು. ಹುಳಿಯ ವಾಸನೆ ಹೋಗಿ, ಅಮ್ಮ ಮಾಡುತ್ತಿದ್ದ ರಾಗಿ ಮಾಲ್ಟಿನಂಥ ಘಮ.

'ಗಂಡಸು... ಪಾತ್ರೆ ತೊಳೆದಿದ್ದಾನೆ... ಇಷ್ಟು ಚೆನ್ನಾಗಿ!' ಎದೆಯೊಳಗೆ ಏನೋ ಜಾರಿತು. ಹುಡುಗಿಯರು ಕಣ್ಣು ನೋಡಿ, ನಗು ನೋಡಿ ಪ್ರೀತಿಗೆ ಬೀಳುತ್ತಾರಂತೆ. ನಮ್ಮ ಮೈಥಿಲಿ ಪಾತ್ರೆಯ ತಳ ನೋಡಿ ಬಿದ್ದಳು. ಏನು ಮಾಡೋದು, ಅವಳ ಹಣೆಬರಹ.

ಆಮೇಲೆ ಎರಡು ವಾರಕ್ಕೊಮ್ಮೆ ಅಲ್ವಿನ್ ಬರತೊಡಗಿದ. ಬರುವಾಗ ಮೈಥಿಲಿಯ ಅಮ್ಮ ಇಂದುಮತಿಯವರಿಗೆ ಒಂದು ಡಬ್ಬ ಬಾರ್ಲಿ ಬಿಸ್ಕತ್ತು ತರುತ್ತಿದ್ದ. ಗಂಜಿ ಬಸಿದ ಮೇಲೆ ಉಳಿದ ಬಾರ್ಲಿಯದಂತೆ.

"ಎಂಥಾ ಹುಡುಗನೇ! ಏನೂ ವೇಸ್ಟ್ ಮಾಡಲ್ಲ," ಅಂದರು ಅಮ್ಮ, ನಾಲ್ಕನೆಯದು ಬಾಯಿಗೆ ಹಾಕಿಕೊಳ್ಳುತ್ತಾ. "ಇಷ್ಟೊಂದು ಗಂಜಿ ಅಂದ್ರೆ ವೃದ್ಧಾಶ್ರಮಕ್ಕೇ ಇರಬೇಕು ಕಣೆ."

ಮೈಥಿಲಿಗೆ ಅದು ನಿಜವೇ ಅನಿಸಿತು. ಮುಂದಿನ ಸಲ ಅವನು ಬಂದಾಗ, "ಪಾಪ, ವಯಸ್ಸಾದೋರಿಗೆ ಗಂಜಿ ಮಾಡಿ ಕೊಡ್ತೀರಂತೆ. ಈ ಕಾಲದಲ್ಲಿ ಯಾರು ಮಾಡ್ತಾರೆ ಅಲ್ವಿನ್?" ಅಂದಳು. ಕಣ್ಣು ತುಂಬಿಯೇ ಬಂದಿತ್ತು.

ಅಲ್ವಿನ್ ಬಾಯಿ ತೆಗೆದ. "ಅದು... ಮೈಥಿಲಿಯವರೇ, ಆ್ಯಕ್ಚುಲಿ..."

ತೆಗೆದ ಬಾಯಿಗೆ ಇಂದುಮತಿ ಆಂಟಿ ಒಂದು ಕೋಡುಬಳೆ ತುರುಕಿದರು. ಅವನು ಅಗಿದ. ನುಂಗಿದ. ಅಷ್ಟರಲ್ಲಿ ಅವಳು ಅವನನ್ನು ನೋಡುತ್ತಿದ್ದ ರೀತಿ ಕಂಡು, ಹೇಳಬೇಕಾದ ಮಾತನ್ನೂ ಕೋಡುಬಳೆಯ ಜೊತೆಗೇ ನುಂಗಿಬಿಟ್ಟ. ಹೇಡಿ!

ಅವನಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಹೇಳಬೇಕು. ಎರಡು ವರ್ಷದ ಹಿಂದೆ ಬ್ರಿಸ್ಬೇನ್ ಕಡೆಯ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಪ್ರಶಾಂತನ ಜೊತೆ ಮೈಥಿಲಿಯ ನಿಶ್ಚಿತಾರ್ಥ ಆಗಿತ್ತು. ಅವನ ಬಾಯಲ್ಲಿ, ಅವಳು ಮಾಡಿದ ಉಪ್ಪಿಟ್ಟು ಗಂಟಾದರೂ "ಸೂಪರ್", ಹಾಡು ಶ್ರುತಿ ತಪ್ಪಿದರೂ "ಸೂಪರ್". ಕೊನೆಗೆ ಛತ್ರ ಬುಕ್ ಆದ ಮೇಲೆ ತಿಳಿಯಿತು, ಸಿಡ್ನಿಯಲ್ಲೊಬ್ಬಳು ಇದ್ದಳು, ಅವಳೂ "ಸೂಪರ್".

ಅಂದಿನಿಂದ ಮೈಥಿಲಿಯದು ಒಂದೇ ಮಾತು. ಬಡವನಾದರೂ ಸರಿ, ಬೋಳುತಲೆಯಾದರೂ ಸರಿ... ಸುಳ್ಳು ಹೇಳುವವನು ಬೇಡವೇ ಬೇಡ!

ಯುಗಾದಿಯ ಹಿಂದಿನ ದಿನ ಶನಿವಾರ. ಪಾತ್ರೆ ಅಲ್ವಿನ್ ಹತ್ತಿರ ಇತ್ತು, ಮರುದಿನ ಬೆಳಿಗ್ಗೆ ಹಾಲ್‌ಗೆ ತಂದುಕೊಡುವ ಕರಾರಿನ ಮೇಲೆ. ವೃದ್ಧಾಶ್ರಮದ ಅಜ್ಜ ಅಜ್ಜಿಯರಿಗೆ ಅಂತ ಒಂದು ಬಾಟಲಿ ನಿಂಬೆಕಾಯಿ ಉಪ್ಪಿನಕಾಯಿ ಹಿಡಿದುಕೊಂಡು ಮೈಥಿಲಿ ಹೇಳದೆ ಕೇಳದೆ ಅವನ ಮನೆಗೆ ಹೋದಳು. ಹೊಸ ಕುರ್ತಾ, ಸ್ವಲ್ಪ ಕಾಜಲ್. ಬರೀ ಉಪ್ಪಿನಕಾಯಿ ಕೊಡೋಕೆ ಕಾಜಲ್ ಯಾಕೆ ಅಂತ ನೀವು ಕೇಳಬೇಡಿ.

ಗ್ಯಾರೇಜ್ ತೆರೆದಿತ್ತು. ಒಳಗೆ ಏಣಿ, ಏಣಿಯ ಮೇಲೊಂದು ರಾಟೆ, ಕೆಳಗೆ ಹಬೆಯಾಡುವ ಹುಳಿ ಪಾತ್ರೆ. ಪಾತ್ರೆಯಿಂದ ಅರ್ಧ ಎದ್ದ ಒಂದು ದೊಡ್ಡ ಬಟ್ಟೆ ಚೀಲವನ್ನು ಅಲ್ವಿನ್ ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಒದ್ದಾಡುತ್ತಿದ್ದ.

"ರಾಟೆಯ ಹಗ್ಗ ಕೈ ಜಾರಿತು! ಹಗ್ಗ ಹಿಡೀರಿ! ಬೇಗ, ಬೇಗ!"

ಮೈಥಿಲಿ ಉಪ್ಪಿನಕಾಯಿ ಕೆಳಗಿಟ್ಟು ಓಡಿಹೋಗಿ ಹಗ್ಗ ಹಿಡಿದಳು. ಚೀಲ ಮೇಲೆದ್ದಿತು. ಜೇನು ಬಣ್ಣದ ನೀರು ಪಾತ್ರೆಗೆ ಸುರಿಯತೊಡಗಿತು. ಉಸ್ಸಪ್ಪಾ ಅಂತ ತಲೆ ಎತ್ತಿದವಳಿಗೆ ಗೋಡೆಯ ಕಪಾಟು ಕಂಡಿತು. ಸಾಲಾಗಿ ಕಂದು ಬಾಟಲಿಗಳು. ಒಂದೊಂದರ ಮೇಲೂ ತಾರೀಖಿನ ಚೀಟಿ.

"ಅಲ್ವಿನ್... ವೃದ್ಧಾಶ್ರಮಕ್ಕೆ ಗಂಜಿನ ಬಾಟ್ಲೀಲಿ ತುಂಬಿ ಕೊಡ್ತೀರಾ?"

ಟಪ್ ಟಪ್ ಟಪ್ ಅಂತ ಚೀಲ ಸೋರುತ್ತಿತ್ತು.

"ವೃದ್ಧಾಶ್ರಮ ಇಲ್ಲ ಮೈಥಿಲಿಯವರೇ. ಅದು... ಬಿಯರ್."

"ಏನೂ...?!"

"ಬಿಯರ್. ಮನೆಯಲ್ಲೇ, ಧಾನ್ಯದಿಂದ ಮಾಡುದು."

"ಸಂಘದ ಹುಳಿ ಪಾತ್ರೆಯಲ್ಲಿ! ಅಯ್ಯೋ ದೇವರೇ... ನಾನು ಹೋಗ್ತೀನಿ. ಹಗ್ಗ ಬಿಡ್ತಿದ್ದೀನಿ!"

"ಬಿಡ್ಬೇಡಿ! ಬಿಟ್ರೆ ಇಬ್ಬರ ಕಾಲೂ ಬೇಯ್ತದೆ!"

"ಎಷ್ಟು ಹೊತ್ತು ಹಿಡೀಬೇಕು?"

"ಹತ್ತು ನಿಮಿಷ."

ಜಗಳ ಆಡಿ ದಡಕ್ಕನೆ ಬಾಗಿಲು ಹಾಕಿಕೊಂಡು ಹೋಗುವ ಸುಖ ಅವಳಿಗೆ ಸಿಗಲಿಲ್ಲ. ಕಣ್ಣಲ್ಲಿ ನೀರು, ಕೈಯಲ್ಲಿ ಹಗ್ಗ.

"ಎಲ್ಲಾ ಸುಳ್ಳಾ? ಮೊದಲ ದಿನದಿಂದ?"

"ಗಂಜಿ ಅಂದದ್ದು ಸುಳ್ಳಲ್ಲ..." ಅವನು ಚೀಲದ ಕಡೆ ನೋಡುತ್ತಲೇ ಶುರುಮಾಡಿದ. "ನೀವು ರಾಗಿ ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡ್ತೀರಲ್ವಾ? ಇದೂ ಹಾಗೇ, ಬಾರ್ಲಿಯದ್ದು. ಮೊಳಕೆ ಬಂದ ಬಾರ್ಲಿಯನ್ನು ತರಿ ಮಾಡಿಸಿ ಐದು ಕಿಲೋ ತಂದು, ಪರದೆ ಬಟ್ಟೆಯ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಮುಳುಗಿಸುದು. ಅರವತ್ತಾರು ಡಿಗ್ರಿ, ಒಂದು ಗಂಟೆ. ಕುದಿಸ್ಲಿಕ್ಕೆ ಇಲ್ಲ. ಪಾತ್ರೆಗೆ ಕಂಬಳಿ ಹೊದಿಸಿ ಸುಮ್ಮನೆ ಬಿಡುದು. ಬಾರ್ಲಿಯ ಸಿಹಿ ಎಲ್ಲ ನೀರಿಗೆ ಇಳಿತದೆ. ದೊಡ್ಡ ದೊಡ್ಡ ಮೆಷಿನ್ ಎಂತದೂ ಬೇಡ. ಒಂದು ಪಾತ್ರೆ, ಒಂದು ಚೀಲ ಸಾಕು."

"ನಾನು ರೆಸಿಪಿ ಕೇಳಿದ್ನೇನ್ರೀ?"

"ಇಲ್ಲ... ಹೆದರಿಕೆ ಆದಾಗ ನನಗೆ ಇದೊಂದೇ ಮಾತಾಡ್ಲಿಕ್ಕೆ ಬರುದು."

ಅವಳಿಗೆ ನಗು ಬಂತು. ಬಂದ ನಗುವಿನ ಮೇಲೆ ಇನ್ನಷ್ಟು ಸಿಟ್ಟು ಬಂತು. ಹಗ್ಗ ಬಿಗಿಯಾಗಿ ಹಿಡಿದುಕೊಂಡಳು.

"ಆಮೇಲೆ?" ಅಂತ ಬಾಯಿ ತಪ್ಪಿ ಕೇಳಿಯೂ ಬಿಟ್ಟಳು.

"ಚೀಲ ತೆಗೆದು ಒಂದು ಗಂಟೆ ಕುದಿಸುದು, ಕಹಿಗೆ ಹಾಪ್ಸ್ ಹಾಕಿ." ಅವನು ಗಲ್ಲದಿಂದ ಮೇಜಿನ ಮೇಲಿದ್ದ ಕಾಗದದ ಕವರ್ ತೋರಿಸಿದ. ಒಳಗೆ ಒಣಗಿ ಉದುರಿದ ತಿಳಿಹಸಿರು ಹೂವು. "ಡ್ರಮ್ಮಿಗೆ ತುಂಬಿ, ತಣಿದ ಮೇಲೆ ಯೀಸ್ಟ್ ಹಾಕಿ ಎರಡು ವಾರ ಬಿಡುದು. ಆಮೇಲೆ ಬಾಟಲಿ, ಮತ್ತೆ ಎರಡು ವಾರ. ಅಷ್ಟೇ."

ಚೀಲ ಸೋರುವುದು ನಿಂತಿತು. ಇಬ್ಬರೂ ಸೇರಿ ಅದನ್ನು ಬಕೆಟ್ಟಿಗೆ ಇಳಿಸಿದರು. ಅಲ್ವಿನ್ ಕೈ ಒರೆಸಿಕೊಂಡು ಅವಳ ಎದುರು ನಿಂತ.

"ಅಡಿಲೇಡಿನ ಒಂದು ಸಣ್ಣ ಬ್ರೂವರಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಮಂಗಳವಾರ ಹೋಗ್ಬೇಕು. ಹೋಗುವ ಮೊದಲು ಹೇಳುವ ಅಂತ ಇದ್ದೆ... ಬಿಯರ್ ವಿಷಯವೂ, ಮತ್ತೆ... ನೀವಂದ್ರೆ ನನಗೆ ಇಷ್ಟ ಅನ್ನುವ ವಿಷಯವೂ."

ಈ ಮಾತಿಗೆ ಮೈಥಿಲಿ ಎಷ್ಟು ಶನಿವಾರ ಕಾದಿದ್ದಳು! ಆದರೆ ಇವತ್ತು...

"ನಂಗೆ ಸುಳ್ಳು ಹೇಳೋರು ಆಗಲ್ಲ ಅಲ್ವಿನ್. ಹೋಗಿ. ಪಾತ್ರೆ ಮಾತ್ರ ನಾಳೆ ಏಳು ಗಂಟೆಗೆ ಹಾಲ್‌ನಲ್ಲಿರ್ಬೇಕು!"

ಉಪ್ಪಿನಕಾಯಿ ಬಾಟಲಿಯನ್ನೂ ವಾಪಸ್ ಎತ್ತಿಕೊಂಡು ಹೊರಟಳು.

ಮರುದಿನ ಪಾತ್ರೆ ಏಳಕ್ಕೆ ಐದು ನಿಮಿಷ ಮುಂಚೆಯೇ ಬಂತು, ಫಳಫಳ ಹೊಳೆಯುತ್ತಾ. ಆದರೆ ಮುರಿದ ಮನಸ್ಸಿನಲ್ಲಿ ಸಾಮಾನು ಕಟ್ಟಿದವನ ಕೆಲಸ ನೋಡಿ! ಉಳಿದ ಹಾಪ್ಸ್ ಕವರ್ ಪಾತ್ರೆಯೊಳಗೇ ಇತ್ತು.

ಮುಚ್ಚಳ ತೆಗೆದವರು ಮಹಾಬಲೇಶ್ವರ ಅಂಕಲ್. ಕವರ್ ಬಿಚ್ಚಿ, ಒಂದೆಸಳು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು.

"ಆಹಾ! ಕಹಿ ಅಂದ್ರೆ ಇದು! ಬೇವಿನ ಹೂವು ತರಿಸಿದ್ದಾಳೆ ನಮ್ಮ ಮೈಥಿಲಿ. ಹೋದ ವರ್ಷ ಆ ಹಳೇ ಪುಡಿ ತಿಂದು ಸಾಕಾಗಿತ್ತು."

ಮೈಥಿಲಿ ಅಡುಗೆಮನೆಯಲ್ಲಿ ಒಬ್ಬಟ್ಟಿನ ಲೆಕ್ಕದಲ್ಲಿದ್ದಳು. ಹೊರಗೆ ಬರುವಷ್ಟರಲ್ಲಿ ನೂರೈವತ್ತು ಜನ ಬೇವು ಬೆಲ್ಲ ತಿಂದು ಮುಗಿಸಿದ್ದರು. ಮೇಜಿನ ಮೇಲೆ ಖಾಲಿ ಕಾಗದದ ಕವರ್. ಅವಳಿಗೆ ಗುರುತು ಹತ್ತಿತು.

ಅಂಕಲ್ ಮೈಕ್ ಹಿಡಿದರು. "ಇಂಥ ಘಮದ ಬೇವು ನಾನು ಊರಲ್ಲೂ ತಿಂದಿರಲಿಲ್ಲ! ಮೈಥಿಲಿ, ಎಲ್ಲಿಂದ ತರಿಸ್ದೆಯಮ್ಮ?"

ಹಿಂದಿನ ಸಾಲಿನಲ್ಲಿ ಅಮ್ಮ ಬಲವಂತವಾಗಿ ಕೂರಿಸಿಕೊಂಡಿದ್ದ ಅಲ್ವಿನ್‌ನ ಮುಖ ಬಿಳಿಚಿಹೋಗಿತ್ತು. ಮೈಥಿಲಿ ಅವನನ್ನು ನೋಡಿದಳು. ನೂರೈವತ್ತು ಜನ ಅವಳನ್ನು ನೋಡಿದರು.

"ನಂಜನಗೂಡಿಂದ... ಅಂಕಲ್."

ಚಪ್ಪಾಳೆಯೋ ಚಪ್ಪಾಳೆ!

'ನಾನು... ನಾನು ಸುಳ್ಳು ಹೇಳ್ದೆ? ಯಾರಿಗೋಸ್ಕರ? ಇವನಿಗೋಸ್ಕರ!' ಅವಳ ಕೆನ್ನೆ ಕಾದು ಕೆಂಪಾಯಿತು.

ಅಷ್ಟರಲ್ಲಿ ಅಲ್ವಿನ್ ಎದ್ದ. ನೇರವಾಗಿ ಬಂದು ಮೈಕ್ ತೆಗೆದುಕೊಂಡ.

"ಕ್ಷಮಿಸಿ. ಅದು ಬೇವಲ್ಲ. ಬಿಯರಿಗೆ ಹಾಕುವ ಹೂವು. ಮೂರು ತಿಂಗಳಿಂದ ಈ ಪಾತ್ರೆಯಲ್ಲಿ ನಾನು ಬಿಯರ್ ಮಾಡ್ತಿದ್ದೇನೆ. ಕೇಳಿದವರಿಗೆ ಗಂಜಿ ಅಂದೆ. ತಪ್ಪು ನನ್ನದು."

ಮೈಥಿಲಿ ಓಡಿಬಂದು ಮೈಕ್ ಕಿತ್ತುಕೊಂಡಳು.

"ನಂಗೆ ನಿನ್ನೆಯೇ ಗೊತ್ತಿತ್ತು. ನಂಜನಗೂಡು... ಅದೂ ಸುಳ್ಳು."

ಗದ್ದಲ ಎದ್ದಿತು ನೋಡಿ! ಒಬ್ಬರು ಬಾಯಿ ಮುಕ್ಕಳಿಸಲು ಓಡಿದರು. ಇನ್ನೊಬ್ಬರು ಡ್ರೈವ್ ಮಾಡಬಹುದಾ ಅಂತ ಕೇಳಿದರು. ಮಹಾಬಲೇಶ್ವರ ಅಂಕಲ್ ಹತ್ತಿರ ಬಂದು ಗಂಭೀರವಾಗಿ ಕೇಳಿದರು. "ಅಂದ್ರೆ, ಈಗ ನಾವು ಕುಡಿದ ಹಾಗಾಯ್ತಾ?"

"ಇಲ್ಲ ಅಂಕಲ್. ಅದು ಬರೀ ಹೂವು. ಕಹಿ ಮಾತ್ರ."

"ಹಾಗಾದ್ರೆ ಪರವಾಗಿಲ್ಲ," ಅಂದು ಅಂಕಲ್ ಇನ್ನೊಂದು ಚಮಚ ಹಾಕಿಕೊಂಡರು.

ಇಂದುಮತಿ ಆಂಟಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. "ಆ ಬಿಸ್ಕತ್ತು?"

"ಅದೂ ಅದೇ ಬಾರ್ಲಿ ಆಂಟಿ. ಆದ್ರೆ ಯೀಸ್ಟ್ ಹಾಕುವ ಮೊದಲಿನದ್ದು, ಅಮಲು ಇಲ್ಲ."

ಆಂಟಿ ಬಹಳ ಹೊತ್ತು ಯೋಚಿಸಿದರು. "...ಇವತ್ತು ತಂದಿದ್ದೀಯಾ?"

ಕಮಿಟಿ ಅಲ್ಲೇ ನಿಂತು ತೀರ್ಪು ಕೊಟ್ಟಿತು. ಹಳೆ ಪಾತ್ರೆ ಅಲ್ವಿನ್‌ಗೆ. ಸಂಘಕ್ಕೆ ಅವನು ಹೊಸದು ತಂದುಕೊಡಬೇಕು. ಅದರ ಕಾವಲಿಗೆ ಮೈಥಿಲಿ ಬೇಡ.

ಎಲ್ಲರೂ ಹೋದ ಮೇಲೆ ಅಲ್ವಿನ್ ಅವಳ ಹತ್ತಿರ ಬಂದ. "ನಿನ್ನೆಯ ಡ್ರಮ್ ಉಂಟಲ್ಲ, ನಾವಿಬ್ಬರೂ ಚೀಲ ಎತ್ತಿದ್ದು... ಅದನ್ನು ಅಡಿಲೇಡಿಗೆ ಕೊಂಡೋಗ್ಲಿಕ್ಕೆ ಆಗುದಿಲ್ಲ. ಚೆಲ್ಲಬೇಕಾ?"

ಮೈಥಿಲಿ ಮುಖ ಆಚೆ ತಿರುಗಿಸಿದಳು. "ಚೆಲ್ಲೋದು ಬೇಡ. ಡ್ರಮ್ ನೋಡ್ಕೋತೀನಿ. ನಿಮ್ಮನ್ನಲ್ಲ!"

ಅವನು ಅಂದೇ ಡ್ರಮ್ ತಂದು, ಯೀಸ್ಟ್ ಹಾಕಿ, ಅವಳ ಗ್ಯಾರೇಜಿನ ಮೂಲೆಯಲ್ಲಿಟ್ಟ. ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ಕೊಳವೆ; ಒಳಗಿನ ಗ್ಯಾಸ್ ಅದರಿಂದ ಗುಳುಗುಳು ಅಂತ ಹೊರಬರಬೇಕು. ಒಂದೇ ಮಾತು ಹೇಳಿದ. "ಎರಡು ವಾರ ಮುಚ್ಚಳ ತೆಗೀಬೇಡಿ. ಗಾಳಿ ತಾಗಿದ್ರೆ ಹಾಳಾಗ್ತದೆ."

ಮಂಗಳವಾರ ಅವನು ಹೋದ. ಬುಧವಾರ ಮೆಸೇಜ್ ಬಂತು.

"ಗುಳುಗುಳು ಬರ್ತದಾ?"

"ಬರ್ತಿದೆ. ನಿಮಿಷಕ್ಕೆ ಹನ್ನೆರಡು."

"ನೀವು ಎಣಿಸಿದ್ರಾ?"

"ಇಲ್ಲ. ಸುಮ್ನೆ ಹೇಳ್ದೆ."

ಎಣಿಸಿದ್ದಳು! ಸ್ಟೂಲ್ ಹಾಕಿಕೊಂಡು, ಕಾಫಿ ಲೋಟ ಹಿಡಿದು, ಅರ್ಧ ಗಂಟೆ.

ದಿನಾ ಮೆಸೇಜ್. ಗುಳುಗುಳುವಿನಿಂದ ಶುರುವಾಗಿ, ಅವನ ಹೊಸ ರೂಮು, ಅಡಿಲೇಡಿನ ಚಳಿ, ಊಟ ಆಯ್ತಾ, ಅಮ್ಮ ಹೇಗಿದ್ದಾರೆ... ಅವನು ಅಲ್ಲಿ ಮಾಡಿದ ತಪ್ಪುಗಳನ್ನೂ ಬಿಡದೆ ಬರೆಯುತ್ತಿದ್ದ. ಇವತ್ತು ನೂರು ಲೀಟರ್ ಚೆಲ್ಲಿದೆ, ಬೈಸಿಕೊಂಡೆ. ಇವತ್ತು ತಲೆ ಸರಿ ಇಲ್ಲ, ನಿಮ್ಮ ನೆನಪು ಜಾಸ್ತಿ. ಮೈಥಿಲಿ ಒಂದೊಂದನ್ನೂ ಹತ್ತು ಸಲ ಓದುತ್ತಿದ್ದಳು.

"ಮುಚ್ಚಳ ತೆಗೀಲಿಲ್ಲ ಅಲ್ವಾ?" ಅಂತ ಒಮ್ಮೆ ಕೇಳಿದ.

"ಇಲ್ಲ," ಅಂತ ಬರೆದಳು.

ಎರಡು ವಾರದ ಮೇಲೆ ಬಾಟಲಿ ತುಂಬಿಸುವಾಗ, ನೊರೆ ಬರಲು ಬಾಟಲಿಗೆ ಅರ್ಧ ಚಮಚ ಸಕ್ಕರೆ ಸಾಕು, ಜಾಸ್ತಿಯಾದರೆ ಗ್ಯಾಸ್ ಅಂದಿದ್ದ. ಸಕ್ಕರೆ ಯಾಕೆ, ಮನೆಯಲ್ಲಿ ಯುಗಾದಿಯ ಬೆಲ್ಲ ಉಳಿದಿದೆಯಲ್ಲ ಅಂತ ಮೈಥಿಲಿ ಧಾರಾಳವಾಗಿ ಹಾಕಿದಳು. ಹತ್ತನೇ ದಿನ ಬೆಳಿಗ್ಗೆ, ಅಮ್ಮ ಪೂಜೆಗೆ ಕೂತಿದ್ದಾಗ...

ಢಂ!

"ಸಿಲಿಂಡರ್ ಕಣೇ!" ಅಂತ ಅಮ್ಮ ಆರತಿ ತಟ್ಟೆಯ ಸಮೇತ ಹೊರಗೆ ಓಡಿದರು. ಮತ್ತೆ ಢಂ! ಢಂ! ಸಾಲಿಗೆ ಸಾಲೇ ಸಿಡಿದ ಮೇಲೆ ಇಬ್ಬರೂ ಮೊರದ ಮರೆಯಲ್ಲಿ ಗ್ಯಾರೇಜಿಗೆ ಹೊಕ್ಕು, ಉಳಿದ ಬಾಟಲಿಗಳನ್ನು ಫ್ರಿಜ್ಜಿಗೆ ಸಾಗಿಸಿದರು. ಉಳಿದದ್ದು ಎರಡೇ.

ಅಮ್ಮ ನೆಲ ಒರೆಸುತ್ತಾ ಮಗಳ ಮುಖ ನೋಡಿದರು. ಅವಳು ಅಳುತ್ತಿದ್ದಳು.

"ಬಾಟ್ಲಿ ಒಡೆದದ್ದಕ್ಕೆ ಇಷ್ಟು ಅಳು ಬರಲ್ಲಮ್ಮ," ಅಂದರು. "ಅವನು ಚರ್ಚಿಗೆ ಹೋಗೋನು, ನಾವು ಬೇರೆ, ಅದೆಲ್ಲ ನಂಗೂ ತಲೇಲಿದೆ. ನಿಧಾನಕ್ಕೆ ನುಂಗ್ಕೋತೀನಿ. ಆದ್ರೆ ನೂರೈವತ್ತು ಜನದ ಮುಂದೆ ನಿಂತು ತಪ್ಪು ನಂದು ಅಂದ ಗಂಡಸನ್ನ ನಾನು ಬೇರೆ ನೋಡಿಲ್ಲ. ಟಿಕೆಟ್ ಮಾಡು."

ಉಳಿದ ಎರಡು ಬಾಟಲಿಗಳನ್ನು ಅಮ್ಮನ ಹಳೆ ಕಾಟನ್ ಸೀರೆಯಲ್ಲಿ ಸುತ್ತಿ, ಮೂರು ಗಂಟೆ ವಿಮಾನದಲ್ಲಿ ಕೂತು, ಮೈಥಿಲಿ ಅಡಿಲೇಡಿಗೆ ಹೋದಳು. ಇಳಿಯುವಾಗ ಒಂದೇ ಬಾಟಲಿ ಉಳಿದಿತ್ತು. ಸೀರೆಯ ಗತಿ ಹೇಳೋದು ಬೇಡ.

ಅಲ್ವಿನ್‌ನ ಪುಟ್ಟ ಹಿತ್ತಿಲು. ಬಿಸಿಲು ಇಳಿಯುತ್ತಿತ್ತು. ಅಲ್ಲೊಂದು ಕಟ್ಟೆಯ ಮೇಲೆ ಸಂಘದ ಹುಳಿ ಪಾತ್ರೆ ಫಳಫಳ ಹೊಳೆಯುತ್ತಾ ಕೂತಿತ್ತು. ಅದನ್ನು ಕಂಡು ಅವಳಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು.

ಅವನು ಬಾಟಲಿಯ ಮುಚ್ಚಳ ತೆಗೆದ. ಬುಸ್ಸೆಂದು ನೊರೆ ಎದ್ದು ಅವನ ಮುಖ, ಅಂಗಿ, ಅವಳ ಕಾಜಲ್ ಎಲ್ಲ ಒದ್ದೆಮಾಡಿತು. ಕೆಳಗೆ ಎರಡು ಲೋಟದಷ್ಟು ಉಳಿಯಿತು. ಮೈಥಿಲಿ ಒಂದು ಗುಟುಕು ಕುಡಿದು ಏನೂ ತೋರಿಸಿಕೊಳ್ಳದೆ ಲೋಟ ಕೆಳಗಿಟ್ಟಳು.

ಈ ಒಂದು ಮಾತಿಗಾಗಿಯೇ ಅವಳು ಇಷ್ಟು ದೂರ ಬಂದಿದ್ದಳು.

"ಹೇಗಿದೆ? ನಿಜ ಹೇಳಿ."

ಅಲ್ವಿನ್ ಕುಡಿದ. ಕಣ್ಣು ಮುಚ್ಚಿದ. ಅವಳ ಮುಖ ನೋಡಿದ. ಎಷ್ಟು ಆಸೆಯಿಂದ ಕಾಯುತ್ತಿದ್ದಾಳೆ... ಬಾಯಿಗೆ ಸುಲಭದ ಮಾತು ಬಂತು. ಅದನ್ನು ನುಂಗಿದ.

"ತುಂಬಾ ಕೆಟ್ಟದಾಗಿದೆ ಮೈಥಿಲಿಯವರೇ. ಹುಳಿ ಬಂದಿದೆ. ನಾನು ಕುಡಿದದ್ದರಲ್ಲೇ ಅತೀ ಕೆಟ್ಟದ್ದು."

ಅವಳ ಕಣ್ಣು ತುಂಬಿತು. ಆಮೇಲೆ ಜೋರಾಗಿ ನಕ್ಕುಬಿಟ್ಟಳು!

"ನಂಗೂ ಗೊತ್ತು! ಅಯ್ಯೋ, ಎಷ್ಟು ಕೆಟ್ಟದಾಗಿದೆ ಅಲ್ವಾ? ನೀವು ಸೂಪರ್ ಅಂದಿದ್ರೆ ಇವತ್ತಿನ ಫ್ಲೈಟಲ್ಲೇ ವಾಪಸ್ ಹೋಗ್ತಿದ್ದೆ."

ಅವನು ಗಾಬರಿಯಿಂದ ನೋಡುತ್ತಿದ್ದ. ಅವಳು ಅವನ ಒದ್ದೆ ಅಂಗಿಯ ತುದಿ ಹಿಡಿದುಕೊಂಡಳು.

"ಈಗ ನನ್ನ ನಿಜ. ನೀವು ಕೇಳ್ದಾಗ ಮುಚ್ಚಳ ತೆಗೀಲಿಲ್ಲ ಅಂದೆ. ಸುಳ್ಳು. ದಿನಾ ತೆಗೀತಿದ್ದೆ. ಬೆಳಿಗ್ಗೆ ಒಂದ್ಸಲ, ಕೆಲಸದಿಂದ ಬಂದು ಒಂದ್ಸಲ. ಅದಕ್ಕೇ ಹಾಳಾಯ್ತು."

"ಯಾಕೆ? ನಾನು ಅಷ್ಟು ಹೇಳಿದ್ದೆನಲ್ಲ..."

"ನೀವು ಇರ್ಲಿಲ್ವಲ್ಲ." ದನಿ ಸಣ್ಣದಾಯಿತು. "ಅದನ್ನಾದ್ರೂ ನೋಡೋಣ ಅಂತ..."

ಅಲ್ವಿನ್ ಅವಳ ಲೋಟವನ್ನೂ ತೆಗೆದುಕೊಂಡು, ಎರಡನ್ನೂ ಕೊನೆಯ ತೊಟ್ಟಿನವರೆಗೆ ಕುಡಿದು ಮುಗಿಸಿದ. ಮುಖ ಹಿಂಡಿತು, ಕಣ್ಣಲ್ಲಿ ನೀರೇ ಬಂತು.

"ಅಷ್ಟು ಕೆಟ್ಟದ್ದು ಅಂದ್ರಿ. ಮತ್ತೆ ಯಾಕ್ರೀ ಕುಡಿದ್ರಿ?"

"ಹೇಗೆ ಚೆಲ್ಲುದು ಮಾರಾಯ್ರೆ? ನನ್ನ ನೆನಪಾದಾಗಲೆಲ್ಲ ತೆರೆದದ್ದಲ್ವಾ."

ಅವಳು ಅವನ ಎದೆಗೆ ಒರಗಿದಳು. ಅಂಗಿಯಲ್ಲಿ ಹುಳಿ, ಬೆಲ್ಲ, ಬಾರ್ಲಿ ಎಲ್ಲ ಸೇರಿದ ವಾಸನೆ.

"ಅಲ್ವಿನ್... ನಾಳೆ ಹೊಸದಾಗಿ ಶುರು ಮಾಡೋಣ. ಚೀಲ ಇಬ್ರೂ ಸೇರಿ ಎತ್ತೋಣ."

"ಆ ಬಿಯರ್ ತಯಾರಾಗ್ಲಿಕ್ಕೆ ನಾಲ್ಕು ವಾರ ಬೇಕು. ಅಷ್ಟು ದಿನ ಇರ್ತೀರಾ?"

"ಇರ್ತೀನಿ. ಅಮ್ಮಂಗೆ ಏನಂತ ಹೇಳ್ಲಿ?"

ಅಲ್ವಿನ್ ಅವಳ ಕೆನ್ನೆಯ ಮೇಲಿನ ನೊರೆ ಒರೆಸಿದ.

"ಇದ್ದದ್ದು ಇದ್ದ ಹಾಗೆ ಹೇಳಿ. ಆಂಟಿಗೆ ಬಿಸ್ಕತ್ತು ನಾನೇ ಕಳಿಸ್ತೇನೆ."